ಸ್ಲೋ ಕುಕ್ಕರ್‌ನಲ್ಲಿ ಹಾಟ್ ಚಾಕೊಲೇಟ್: ಹಾಲು ಒಡೆಯಿತು, ಎಣ್ಣೆ ತೇಲಿತು, ತಳ ಹಿಡಿಯಿತು. ಎಲ್ಲಿ ತಪ್ಪಿದೆ?

ಮಳೆಗಾಲದ ಮನೆ, ಮಕ್ಕಂದೂರು
ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಮ್ಮದು ಮಕ್ಕಂದೂರಿನ ಹತ್ತಿರ ನಾಲ್ಕು ರೂಮಿನ ಸಣ್ಣ ಹೋಂಸ್ಟೇ. ನಿನ್ನೆ ಮರ್ಯಾದೆ ಹೋಯ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ 14 ಜನ ಬಂದಿದ್ದರು, ಅದರಲ್ಲಿ ಆರು ಮಕ್ಕಳು. ಮಳೆ ಹಿಡಿದದ್ದು ಬಿಡಲೇ ಇಲ್ಲ. ಆದರೂ ಜೀಪು ಮಾಡಿಕೊಂಡು ಮಾಂದಲ್‌ಪಟ್ಟಿಗೆ ಹೊರಟರು. ಮಂಜಿನಲ್ಲಿ ಏನೂ ಕಾಣಿಸುವುದಿಲ್ಲ ಎಂದೆ, ಕೇಳಲಿಲ್ಲ. ಸಂಜೆ ತೊಯ್ದು ತೊಪ್ಪೆಯಾಗಿ ಬರುತ್ತಾರೆ, ಬಂದ ಕೂಡಲೇ ಒಂದೊಂದು ಲೋಟ ಹಾಟ್ ಚಾಕೊಲೇಟ್ ಕೊಡೋಣ ಅಂತ ನನ್ನ ಲೆಕ್ಕ. ತಂಗಿ ಕೊಟ್ಟ 3.5 ಲೀಟರಿನ ಸ್ಲೋ ಕುಕ್ಕರ್ ಇದೆ, ಗಂಟೆಗಟ್ಟಲೆ ನಿಧಾನಕ್ಕೆ ಬೇಯಿಸುವ ಕರೆಂಟಿನ ಪಾತ್ರೆ. ಎಲ್ಲ ಹಾಕಿ ಬಿಟ್ಟರೆ ತನ್ನಷ್ಟಕ್ಕೆ ಆಗುತ್ತದೆ, ಅಲ್ವಾ?

ಫ್ರಿಜ್ಜಿನಿಂದ ತೆಗೆದ 2 ಲೀಟರ್ ಹಾಲು. ಅರ್ಧ ಕೆ.ಜಿ. ಡಾರ್ಕ್ ಚಾಕೊಲೇಟ್ ಗಟ್ಟಿ, ತುಂಡು ಮಾಡಿ ಹಾಕಿದ್ದು. ಅವರು ಸಕ್ಕರೆ ತಿನ್ನುವುದಿಲ್ಲ ಎಂದಿದ್ದಕ್ಕೆ 200 ಗ್ರಾಂ ಬೆಲ್ಲ. ಮುಚ್ಚಳ ಮುಚ್ಚಿ ಮಧ್ಯಾಹ್ನ 12ಕ್ಕೆ ‘ಹೈ’ಗೆ ಇಟ್ಟೆ. ಎರಡು ಗಂಟೆಗೆ ಮನೆಯೆಲ್ಲ ಘಮಘಮ. ಐದಕ್ಕೆ ಮುಚ್ಚಳ ತೆಗೆದರೆ, ಮೇಲೆ ಎಂಟಾಣೆ ಅಗಲದ ಎಣ್ಣೆಯ ಬೊಟ್ಟುಗಳು. ಅದರ ಕೆಳಗೆ ಕಂದು ಬಣ್ಣದ ನೀರು, ಆ ನೀರಿನಲ್ಲಿ ಗಿಣ್ಣಿನ ಪುಡಿಯ ಹಾಗೆ ಏನೋ ತೇಲುತ್ತಿದೆ. ಸೌಟು ಹಾಕಿದೆ, ತಳದಲ್ಲಿ ಕರ್ರಗೆ ಒಂದು ಪದರ ಎದ್ದು ಬಂತು.

ಒಬ್ಬ ಹುಡುಗ ಇಣುಕಿ ನೋಡಿ, ‘ಆಂಟಿ, ಇದು ಸಾರಾ?’ ಎಂದ.

ಕೊನೆಗೆ ದೊಡ್ಡವರಿಗೆ ಬೆಲ್ಲದ ಕಾಫಿ, ಮಕ್ಕಳಿಗೆ ಬೂಸ್ಟ್. ಮುಂದಿನ ಶನಿವಾರ ಇನ್ನೊಂದು ಗುಂಪು ಬರುತ್ತಿದೆ. ಗಟ್ಟಿಯಾಗಿ, ನಯವಾಗಿ, ಲೋಟದ ಅಂಚಿಗೆ ಅಂಟುವ ಹಾಗೆ ಬರಬೇಕು. ಗೊತ್ತಿದ್ದವರು ಹೇಳಿ.

ಸುಂಟಿಕೊಪ್ಪದ ಹುಡುಗ
ಭಾನುವಾರ ರಾತ್ರಿ 9.52

ಅಕ್ಕ, ಆ ಹುಡುಗನಿಗೆ ನನ್ನ ಲೆಕ್ಕದಲ್ಲಿ ಒಂದು ಚಾಕೊಲೇಟ್ ಕೊಡಿ.

ಬೆಲ್ಲದ ಕಾಫಿ, ನಾಪೋಕ್ಲು
ಭಾನುವಾರ ರಾತ್ರಿ 10.15

ನೀವು ಕೊನೆಗೆ ಕೊಟ್ಟಿರಲ್ಲ, ಅದನ್ನೇ ಮೊದಲು ಕೊಟ್ಟಿದ್ದರೆ ಮುಗಿದಿತ್ತು. ಕೊಡಗಿಗೆ ಬಂದವರಿಗೆ ಕೊಡಗಿನದ್ದನ್ನು ಕೊಡಿ. ಕಾಫಿ ತೋಟದ ಮಧ್ಯೆ ಕೂತು ಚಾಕೊಲೇಟ್ ಯಾಕೆ ಕುಡಿಯಬೇಕೋ ನನಗಂತೂ ಅರ್ಥವಾಗಿಲ್ಲ.

ಗೋಣಿಕೊಪ್ಪದ ಓವನ್
ಸೋಮವಾರ ಬೆಳಗ್ಗೆ 6.30

ಅಣ್ಣಾ, ಆರು ಮಕ್ಕಳಿಗೆ ಕಪ್ಪು ಕಾಫಿ ಕೊಟ್ಟರೆ ರಾತ್ರಿ ಅವರನ್ನು ಮಲಗಿಸುವವರು ಯಾರು?

ಮಕ್ಕಂದೂರಿನ ಅಕ್ಕ, ನಾನು ಮನೆಯಲ್ಲೇ ಕೇಕ್ ಮಾಡಿ ಮಾರುತ್ತೇನೆ. ನಿಮಗಾದದ್ದು ಒಂದು ತಪ್ಪಲ್ಲ, ಮೂರೋ ನಾಲ್ಕೋ ಒಟ್ಟಿಗೆ ಸೇರಿಕೊಂಡಿವೆ. ಆದರೆ ಮೊದಲು ಒಂದು ಕೆಲಸ ಮಾಡಿ. ಆ ಚಾಕೊಲೇಟ್ ಗಟ್ಟಿಯ ಕವರ್ ಬಿಸಾಡಿಲ್ಲ ತಾನೇ? ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಏನೇನು ಹಾಕಿದ್ದಾರೆ ಅಂತ ಬರೆದಿರುತ್ತದೆ. ಓದಿ ಹೇಳಿ.

ಮಳೆಗಾಲದ ಮನೆ, ಮಕ್ಕಂದೂರು
ಸೋಮವಾರ ಬೆಳಗ್ಗೆ 8.05

ಕಸದ ಬುಟ್ಟಿಯಿಂದ ತೆಗೆದೆ. ಸಕ್ಕರೆ, ಹೈಡ್ರೋಜನೇಟೆಡ್ ವೆಜಿಟಬಲ್ ಫ್ಯಾಟ್, ಕೋಕೋ ಪೌಡರ್, ಆಮೇಲೆ ಒಂದಷ್ಟು ನಂಬರುಗಳು. ಮೇಲೆ ದಪ್ಪಕ್ಷರದಲ್ಲಿ ‘ಡಾರ್ಕ್ ಕಾಂಪೌಂಡ್’ ಅಂತ ಇದೆ. ಡಾರ್ಕ್ ಅಂತ ಮಾತ್ರ ನೋಡಿ ತಂದಿದ್ದೆ.

ಗೋಣಿಕೊಪ್ಪದ ಓವನ್
ಸೋಮವಾರ ಬೆಳಗ್ಗೆ 11.20

ಅದೇ ನೋಡಿ. ಕೋಕೋ ಬೀಜದಲ್ಲಿ ಅರ್ಧದಷ್ಟು ಕೊಬ್ಬೇ. ಅದು ಕೋಕೋ ಬಟರ್. ಸುಮಾರು 34 ಡಿಗ್ರಿಗೆ ಕರಗುತ್ತದೆ, ಅಂದರೆ ನಮ್ಮ ಬಾಯಿಯ ಬಿಸಿಗೇ ಸಾಕು. ನಾಲಿಗೆಯ ಮೇಲೆ ಇಟ್ಟರೆ ಕರಗಿ ಹೋಗುವುದು ಅದಕ್ಕೇ. ಕಾಂಪೌಂಡಿನಲ್ಲಿ ಆ ಬೆಣ್ಣೆ ಇರುವುದಿಲ್ಲ, ಅದರ ಬದಲು ತಾಳೆ ಜಾತಿಯ ಎಣ್ಣೆಯನ್ನು ಗಟ್ಟಿ ಮಾಡಿ ಹಾಕಿರುತ್ತಾರೆ. ಅಚ್ಚಿಗೆ ಹಾಕಲು, ಕೇಕಿನ ಮೇಲೆ ಸುರಿಯಲು ಸುಲಭ. ನಾನೂ ತರುತ್ತೇನೆ, ಬೈಯಬೇಡಿ. ಆದರೆ ಕುಡಿಯುವುದಕ್ಕೆ ಆಗುವುದಿಲ್ಲ. ಕುಡಿದ ಮೇಲೆ ಅಂಗುಳಿನಲ್ಲಿ ಮೇಣ ಹಚ್ಚಿದ ಹಾಗೆ ಆಗುತ್ತದೆ.

ಕವರಿನಲ್ಲಿ ಕೊಬ್ಬು ಅಂತ ಕೋಕೋ ಬಟರ್ ಮಾತ್ರ ಇದ್ದರೆ ತನ್ನಿ. ವೆಜಿಟಬಲ್ ಫ್ಯಾಟ್ ಅಂತ ಕಂಡರೆ ಅಲ್ಲೇ ಇಟ್ಟು ಬನ್ನಿ. ಬೇಕರಿಗೆ ಅಂತಲೇ ಬರುವ ಕೂವರ್ಚರ್ ಸಿಕ್ಕಿದರೆ ಒಳ್ಳೆಯದು. ಇಲ್ಲದಿದ್ದರೆ ಅಮುಲ್ ಡಾರ್ಕ್ ಸಾಕು, ಅದು ಎಲ್ಲ ಕಡೆ ಸಿಗುತ್ತದೆ.

ಎರಡನೆಯದು ಬೆಲ್ಲ. ಮೂರನೆಯದು ಐದು ಗಂಟೆ ‘ಹೈ’. ಮಧ್ಯಾಹ್ನ ಒಂದು ಆರ್ಡರ್ ಇದೆ, ಉಳಿದದ್ದು ಸಂಜೆ ಬರೆಯುತ್ತೇನೆ.

ಶನಿವಾರಸಂತೆ ಸೊಸೆ
ಸೋಮವಾರ ಮಧ್ಯಾಹ್ನ 1.10

ಬೆಲ್ಲದ ವಿಷಯ ನಾನು ಹೇಳುತ್ತೇನೆ. ಪಾಯಸ ಮಾಡುವವರಿಗೆಲ್ಲ ಗೊತ್ತಿರುವುದೇ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುತ್ತದೆ. ಬೆಲ್ಲದಲ್ಲಿ ಸ್ವಲ್ಪ ಹುಳಿ ಇರುತ್ತದೆ, ಹಾಲಿಗೆ ಅಷ್ಟು ಸಾಕು. ಪಾಯಸಕ್ಕಾದರೆ ಬೆಲ್ಲ ಬೇರೆ ಕರಗಿಸಿ, ಸೋಸಿ, ಒಲೆ ಆರಿಸಿ, ಬಿಸಿ ಸ್ವಲ್ಪ ಇಳಿದ ಮೇಲೆ ಹಾಲು ಸೇರಿಸುತ್ತೇವೆ. ನೀವು ಎರಡನ್ನೂ ಒಟ್ಟಿಗೆ ಹಾಕಿ ಐದು ಗಂಟೆ ಕಾಯಿಸಿದ್ದೀರಿ! ಒಡೆಯದಿದ್ದರೆ ಅದೇ ಆಶ್ಚರ್ಯ.

ಬೆಲ್ಲವೇ ಬೇಕು ಅಂದರೆ ಚಿಟಿಕೆ ಅಡಿಗೆ ಸೋಡಾ ಹಾಕಬಹುದು, ಹುಳಿ ಸತ್ತು ಹೋಗುತ್ತದೆ. ಜಾಸ್ತಿಯಾದರೆ ಸೋಪಿನ ರುಚಿ ಬರುತ್ತದೆ, ನೋಡಿಕೊಳ್ಳಿ. ನನ್ನ ಕೇಳಿದರೆ ಸಕ್ಕರೆಯೇ ಹಾಕಿ, ಸ್ವಲ್ಪ ಕಡಿಮೆ ಹಾಕಿ.

ಇನ್ನೊಂದು ಮಾತು. ನಮ್ಮ ಹಾಗೆ ಮನೆಯ ಹಸುವಿನ ಹಾಲು ಹಾಕುವವರು ಮೊದಲು ಒಲೆಯ ಮೇಲೆ ಚೆನ್ನಾಗಿ ಕಾಯಿಸಿ. ಹಸಿ ಹಾಲನ್ನು ನೇರವಾಗಿ ಸ್ಲೋ ಕುಕ್ಕರಿಗೆ ಸುರಿಯಬಾರದು. ಅದು ಬಿಸಿಯಾಗುವುದಕ್ಕೇ ಗಂಟೆಗಟ್ಟಲೆ ಬೇಕು. ಉಗುರು ಬೆಚ್ಚಗಿನ ಹಾಲು ಅಷ್ಟು ಹೊತ್ತು ಇದ್ದರೆ ಮೊಸರಿಗೆ ಹೆಪ್ಪು ಹಾಕಿದ ಹಾಗೇ ಲೆಕ್ಕ.

ಕುಶಾಲನಗರ ವಯರ್‌ಮನ್
ಸೋಮವಾರ ಸಂಜೆ 5.45

ಅಡಿಗೆ ನನಗೆ ಬರುವುದಿಲ್ಲ, ಪಾತ್ರೆಯ ಬಗ್ಗೆ ಹೇಳುತ್ತೇನೆ. ಇವನ್ನು ನಾನು ಬಿಚ್ಚಿ ರಿಪೇರಿ ಮಾಡಿದ್ದೇನೆ. ಒಳಗೆ ಪಿಂಗಾಣಿ ಪಾತ್ರೆ, ಹೊರಗೆ ತಗಡಿನ ಡಬ್ಬ, ನಡುವೆ ಕಾಯಿಲ್. ಹೆಚ್ಚಿನ ಮಾಡೆಲ್‌ಗಳಲ್ಲಿ ಕಾಯಿಲ್ ಸುತ್ತ ಬೆಲ್ಟಿನ ಹಾಗೆ ಇರುತ್ತದೆ. ಹಾಗಾಗಿ ನಡು ಭಾಗಕ್ಕಿಂತ ಬದಿ ಜಾಸ್ತಿ ಬಿಸಿ. ಅಕ್ಕ, ನಿಮ್ಮದು ಅಂಚಿನ ಸುತ್ತ ಜಾಸ್ತಿ ಸೀದಿತ್ತಾ?

‘ಲೋ’ ಅಂದರೆ ಕಡಿಮೆ ಬಿಸಿ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಹಾಗಲ್ಲ. ‘ಹೈ’ ಬೇಗ ಹೋಗುತ್ತದೆ, ‘ಲೋ’ ನಿಧಾನಕ್ಕೆ ಹೋಗುತ್ತದೆ, ಕೊನೆಗೆ ಸೇರುವ ಊರು ಹೆಚ್ಚುಕಡಿಮೆ ಒಂದೇ. ಹೊತ್ತು ಬಿಟ್ಟರೆ ಎರಡೂ ಕುದಿಯ ಹತ್ತಿರ ಬರುತ್ತವೆ. ನಿಜವಾಗಿ ಬಿಸಿ ಹಿಡಿದಿಟ್ಟುಕೊಳ್ಳುವುದು ‘ವಾರ್ಮ್’ ಒಂದೇ. ಅದು ಸುಮಾರು 70–75 ಡಿಗ್ರಿ ಇರುತ್ತದೆ.

ಇನ್ನು ನಮ್ಮ ಕಡೆಯ ರೋಗ, ವೋಲ್ಟೇಜ್. 230 ಇರಬೇಕಾದಲ್ಲಿ 160 ಬಂದರೆ ಬಿಸಿ ಮುಕ್ಕಾಲಲ್ಲ, ಅರ್ಧಕ್ಕೂ ಕಡಿಮೆ ಆಗುತ್ತದೆ. ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಬೀಳುತ್ತದೆ ಅದು. ಹಾಗಾಗಿ ಪುಸ್ತಕದಲ್ಲಿ ಎರಡು ಗಂಟೆ ಅಂತ ಬರೆದಿದ್ದರೆ ಮಳೆಗಾಲದ ಮಕ್ಕಂದೂರಿನಲ್ಲಿ ನಾಲ್ಕಾಗಬಹುದು. ಗಡಿಯಾರ ನೋಡಬೇಡಿ, ಪಾತ್ರೆ ನೋಡಿ.

ಮಳೆಗಾಲದ ಮನೆ, ಮಕ್ಕಂದೂರು
ಸೋಮವಾರ ರಾತ್ರಿ 8.30

ಹೌದು ಅಣ್ಣ, ಬದಿಯಲ್ಲಿ ಬಳೆಯ ಹಾಗೆ ಕರ್ರಗೆ ಹಿಡಿದಿದೆ. ಎರಡು ದಿನದಿಂದ ನೆನೆ ಹಾಕಿದ್ದೇನೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಗಬೇಡಿ. ಶುಕ್ರವಾರ ಅದೇ ಪಾತ್ರೆಯಲ್ಲಿ ಕಚಂಪುಳಿ ಅನ್ನುವ ನಮ್ಮ ಹುಳಿ ಹಾಕಿ ಪಂದಿ ಕರಿ (ಹಂದಿ ಮಾಂಸದ ಕರಿ) ಮಾಡಿದ್ದೆ. ಚೆನ್ನಾಗಿಯೇ ತೊಳೆದಿದ್ದೆ. ಆದರೆ ಶನಿವಾರ ಸಂಜೆ ಅತ್ತೆ ಒಂದು ಚಮಚ ಬಾಯಿಗೆ ಇಟ್ಟು, ‘ಕಚಂಪುಳಿ ಯಾಕೆ ಹಾಕಿದೆ?’ ಎಂದು ಕೇಳಿದರು.

ಸುಂಟಿಕೊಪ್ಪದ ಹುಡುಗ
ಸೋಮವಾರ ರಾತ್ರಿ 8.33

ಹಾಗಾದರೆ ‘ಸಾರಾ’ ಅಂತ ಕೇಳಿದ ಹುಡುಗ ಸರಿಯಾಗಿಯೇ ಹೇಳಿದ್ದಾನೆ. ಅಕ್ಕಿ ಉಂಡೆಯ ಕಡಂಬುಟ್ಟು ಇತ್ತಾ ಜೊತೆಗೆ?

ಗೋಣಿಕೊಪ್ಪದ ಓವನ್
ಸೋಮವಾರ ರಾತ್ರಿ 9.15

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು ಅಕ್ಕ. ಮುಚ್ಚಳದ ಸುತ್ತ ರಬ್ಬರಿನ ಪಟ್ಟಿ ಇದೆಯಾ ನೋಡಿ. ವಾಸನೆ ಅಲ್ಲೇ ಕೂತಿರುತ್ತದೆ. ಪಿಂಗಾಣಿ ಪಾತ್ರೆ ವಾಸನೆ ಹಿಡಿಯುವುದಿಲ್ಲ, ರಬ್ಬರ್ ಹಿಡಿಯುತ್ತದೆ. ತೆಗೆದು ಬಿಸಿಲಿಗೆ ಇಡಿ ಎನ್ನಬಹುದಿತ್ತು, ಆದರೆ ಬಿಸಿಲು ಎಲ್ಲಿದೆ? ಬಿಸಿನೀರಿಗೆ ಸೋಡಾ ಹಾಕಿ ರಾತ್ರಿ ಇಡೀ ಮುಳುಗಿಸಿಡಿ.

ಈಗ ಮಾಡುವ ಕ್ರಮ. ನಿಮ್ಮ 3.5 ಲೀಟರಿನ ಪಾತ್ರೆಗೆ ಲೆಕ್ಕ ಹಾಕಿದ್ದೇನೆ. 160 ಮಿ.ಲೀ. ಹಿಡಿಯುವ ಲೋಟದಲ್ಲಿ 16–17 ಲೋಟ ಆಗುತ್ತದೆ.

ಮೊದಲು ಒಲೆಯ ಮೇಲೆ ಅರ್ಧ ಗಂಟೆ ಕೆಲಸ ಇದೆ. ಇದನ್ನು ಬಿಟ್ಟು ಎಲ್ಲವನ್ನೂ ಕುಕ್ಕರಿಗೇ ಸುರಿದರೆ ಮತ್ತೆ ಸಾರೇ. ಒಂದು ದಪ್ಪ ತಳದ ಪಾತ್ರೆಗೆ 60 ಗ್ರಾಂ ಕೋಕೋ ಪೌಡರ್, 150 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು ಹಾಕಿ ಒಣಗಿದ್ದಾಗಲೇ ಬೆರೆಸಿ. ಕೋಕೋ ನೀರಲ್ಲಿ ಕರಗುವ ವಸ್ತುವಲ್ಲ, ರಾಗಿ ಹಿಟ್ಟಿನ ಹಾಗೆ ತೇಲಿಕೊಂಡಿರುತ್ತದೆ ಅಷ್ಟೇ. ನೇರವಾಗಿ ಹಾಲಿಗೆ ಹಾಕಿದರೆ ಗಂಟು ಗಂಟಾಗಿ ಮೇಲೆ ಕೂತುಬಿಡುತ್ತದೆ. ಸಕ್ಕರೆಯ ಜೊತೆ ಬೆರೆತರೆ ಕಣಗಳು ಬಿಡಿಬಿಡಿಯಾಗುತ್ತವೆ. ಆಮೇಲೆ 200 ಮಿ.ಲೀ. ಬಿಸಿನೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಅಂಬಲಿ ಕಲಸಿದ ಹಾಗೆ ಕಲಸಿ. ಸಣ್ಣ ಉರಿಯಲ್ಲಿ ಎರಡು ನಿಮಿಷ ಕುದಿಸಿ. ಹಸಿ ವಾಸನೆ ಹೋಗಿ, ಹೊಸ ಬೂಟಿನ ಪಾಲಿಶಿನ ಹಾಗೆ ಹೊಳಪು ಬರುತ್ತದೆ. ಅದು ಗುರುತು.

ಒಲೆ ಆರಿಸಿ. 250 ಗ್ರಾಂ ಚಾಕೊಲೇಟನ್ನು ಚಾಕುವಿನಲ್ಲಿ ಸಣ್ಣಗೆ ಹೆಚ್ಚಿ ಆ ಬಿಸಿ ಪೇಸ್ಟಿಗೆ ಹಾಕಿ, ಎರಡು ನಿಮಿಷ ಮುಟ್ಟದೆ ಬಿಡಿ. ಆಮೇಲೆ ನಡುವಿನಿಂದ ಹೊರಕ್ಕೆ ತಿರುವಿ. ಇನ್ನೊಂದು ಒಲೆಯಲ್ಲಿ 2 ಲೀಟರ್ ಹಾಲು ಕಾಯುತ್ತಿರಲಿ. ಅದರಿಂದ ಒಂದು ಸೌಟು ತೆಗೆದು ಹಾಕಿ, ನಯವಾಗುವವರೆಗೆ ತಿರುವಿ. ಇನ್ನೊಂದು ಸೌಟು. ಮತ್ತೊಂದು. ಮೊದಲನೇ ಸೌಟಿಗೆ ಅದು ಬಿಗಿದುಕೊಂಡು ಮುದ್ದೆಯಾದ ಹಾಗೆ ಕಾಣಬಹುದು. ಹೆದರಬೇಡಿ, ಇನ್ನೊಂದು ಸೌಟು ಬಿದ್ದರೆ ಬಿಡಿಸಿಕೊಳ್ಳುತ್ತದೆ. ಮೂರು ನಾಲ್ಕು ಸೌಟಿನ ನಂತರ ಕೊಬ್ಬು ಹಾಲಿನ ಜೊತೆ ಹೊಂದಿಕೊಂಡಿರುತ್ತದೆ, ಆಗ ಉಳಿದ ಹಾಲನ್ನೆಲ್ಲ ಸುರಿಯಬಹುದು.

ಈಗ ಸ್ಲೋ ಕುಕ್ಕರ್. ಖಾಲಿ ಪಾತ್ರೆಗೆ ಬಿಸಿನೀರು ಹಾಕಿ ಬೆಚ್ಚಗೆ ಮಾಡಿ ಚೆಲ್ಲಿ, ಆಮೇಲೆ ಚಾಕೊಲೇಟ್ ಸುರಿಯಿರಿ. ತಣ್ಣಗಿನ ಪಿಂಗಾಣಿಗೆ ಕುದಿಯುವ ಹಾಲು ಬಿದ್ದರೆ ಸೀಳಬಹುದು. ‘ಲೋ’ದಲ್ಲಿ ಒಂದು ಗಂಟೆ, 20 ನಿಮಿಷಕ್ಕೊಮ್ಮೆ ಬದಿಯನ್ನೂ ತಳವನ್ನೂ ಕೆರೆದು ತಿರುವಿ. ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡ ಕೂಡಲೇ ‘ವಾರ್ಮ್’ಗೆ ತನ್ನಿ. ಮಡಿಕೇರಿಯ ಎತ್ತರದಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ, ಆದರೆ ಅದರಿಂದ ಹಾಲಿಗೇನೂ ರಿಯಾಯಿತಿ ಇಲ್ಲ. ಕುದಿದರೆ ಕೊಬ್ಬು ಮತ್ತೆ ಬಿಟ್ಟುಕೊಳ್ಳುತ್ತದೆ. ಕೊಡುವ ಹತ್ತು ನಿಮಿಷ ಮೊದಲು 250 ಮಿ.ಲೀ. ಫ್ರೆಶ್ ಕ್ರೀಮ್.

ಹಾಲು ನಂದಿನಿ ಶುಭಂ ಸಾಕು, 4.5% ಕೊಬ್ಬು ಇರುತ್ತದೆ. ನೀಲಿ ಪ್ಯಾಕೆಟ್ಟಿನದು 3%, ಅದರಲ್ಲಿ ಮಾಡಿದರೆ ತೆಳ್ಳಗಾಗುತ್ತದೆ.

ಮಳೆಗಾಲದ ಮನೆ, ಮಕ್ಕಂದೂರು
ಸೋಮವಾರ ರಾತ್ರಿ 9.40

ಒಲೆಯ ಮೇಲೇ ಇಷ್ಟೆಲ್ಲ ಮಾಡುವುದಾದರೆ ಸ್ಲೋ ಕುಕ್ಕರ್ ಯಾಕೆ ತಂಗೀ?

ಗೋಣಿಕೊಪ್ಪದ ಓವನ್
ಸೋಮವಾರ ರಾತ್ರಿ 9.48

ನಿಮ್ಮ 14 ಜನ ಒಟ್ಟಿಗೆ ಬಂದು ಸಾಲಾಗಿ ಕೂರುತ್ತಾರಾ? ಒಬ್ಬರು ಸ್ನಾನಕ್ಕೆ, ಒಬ್ಬರು ಬಟ್ಟೆ ಒಣಗಿಸಲು, ಮಕ್ಕಳು ನಾಯಿ ಜೊತೆ. ಎರಡು ಗಂಟೆ ಹೊತ್ತು ಯಾರು ಬಂದರೂ ಅದೇ ಬಿಸಿ, ಅದೇ ಹದ. ಸ್ಲೋ ಕುಕ್ಕರ್ ಇರುವುದು ಅದಕ್ಕೆ. ಅದನ್ನು ಅಡಿಗೆಯವನು ಅಂದುಕೊಳ್ಳಬೇಡಿ, ಕಾವಲಿನವನು ಅಂದುಕೊಳ್ಳಿ.

ಸಂಪಾಜೆ ಘಾಟಿ
ಮಂಗಳವಾರ ಬೆಳಗ್ಗೆ 7.10

ನಾಪೋಕ್ಲಿನವರು ಚಾಕೊಲೇಟ್ ಕೊಡಗಿನದ್ದಲ್ಲ ಅಂದರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮಾರಾಯ್ರೇ, ಸಂಪಾಜೆಯೂ ಕೊಡಗೇ. ಘಾಟಿ ಇಳಿದರೆ ಕೊಡಗು ಮುಗಿಯುವುದಿಲ್ಲ. ನಮ್ಮ ಅಡಿಕೆ ತೋಟದ ನಡುವೆ ಕೋಕೋ ಮರ ಉಂಟು, ಅಪ್ಪ ನೆಟ್ಟದ್ದು. ಮೇಲೆ ಮಡಿಕೇರಿಯ ಚಳಿಗೆ ಅದು ಒಗ್ಗುವುದಿಲ್ಲ, ಅದಕ್ಕೆ ಸೆಕೆ ಬೇಕು, ನೆರಳು ಬೇಕು, ನೀರು ಬೇಕು. ಅಡಿಕೆ ತೋಟದಲ್ಲಿ ಮೂರೂ ಉಂಟು.

ಕಾಯಿ ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ, ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. ಹಣ್ಣಾದದ್ದನ್ನು ಒಡೆದರೆ ಬೀಜದ ಸುತ್ತ ಬೆಳ್ಳಗಿನ ತಿರುಳು. ಸಣ್ಣವರಿದ್ದಾಗ ಅದನ್ನು ಚೀಪಿ ಬೀಜ ಉಗುಳುತ್ತಿದ್ದೆವು. ಚಾಕೊಲೇಟಿನ ವಾಸನೆ ಒಂದು ಚೂರೂ ಇರುವುದಿಲ್ಲ. ಆ ಹಸಿ ಬೀಜವನ್ನು ರಾಶಿ ಹಾಕಿ, ಮುಚ್ಚಿ, ಐದಾರು ದಿನ ಹುಳಿ ಬರಿಸಬೇಕು. ನಡುವೆ ಮಗುಚಿ ಹಾಕಬೇಕು. ಕೈ ಇಟ್ಟರೆ ಸುಡುವಷ್ಟು ಬಿಸಿ ಏಳುತ್ತದೆ. ಆಮೇಲೆ ಬಿಸಿಲಿಗೆ ಒಣಗಿಸುವುದು. ಮಳೆಗಾಲದ ಬೆಳೆಯನ್ನು ಒಣಗಿಸುವ ಕಷ್ಟ ಕೇಳಬೇಡಿ.

ಪುತ್ತೂರಿನಲ್ಲಿ ಕ್ಯಾಂಪ್ಕೋ ಅನ್ನುವ ಬೆಳೆಗಾರರ ಸಹಕಾರ ಸಂಘದ ಚಾಕೊಲೇಟ್ ಕಾರ್ಖಾನೆ 1986ರಿಂದ ಉಂಟು. ಕ್ಯಾಂಪ್ಕೋ 1973ರಲ್ಲಿ ಶುರುವಾದದ್ದು ಅಡಿಕೆಗಾಗಿ. ಕೋಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾದಾಗ ಇವರೇ ಕೊಳ್ಳಲು ನಿಂತರು, ಆಮೇಲೆ ಕಾರ್ಖಾನೆಯನ್ನೂ ಕಟ್ಟಿದರು. ಮಡಿಕೇರಿ ಪೇಟೆಯಲ್ಲಿ ಹೋಂಮೇಡ್ ಚಾಕೊಲೇಟ್ ಕೊಳ್ಳುವವರು ಆ ಬೀಜ ಮಡಿಕೇರಿಯಲ್ಲೇ ಬೆಳೆದದ್ದು ಅಂದುಕೊಳ್ಳುತ್ತಾರೆ, ನನಗೆ ನಗು ಬರುತ್ತದೆ.

ನಾನೂ ಒಮ್ಮೆ ಮನೆಯ ಬೀಜ ಬಾಣಲೆಯಲ್ಲಿ ಹುರಿದು, ಸಿಪ್ಪೆ ತೆಗೆದು ಮಿಕ್ಸಿಗೆ ಹಾಕಿದೆ. ಘಮ ಬಂತು, ಎಣ್ಣೆಯೂ ಬಿಟ್ಟಿತು, ಆದರೆ ಕುಡಿದರೆ ಹಲ್ಲಿಗೆ ಮರಳು ಸಿಕ್ಕಿದ ಹಾಗೆ. ಮಿಕ್ಸಿಯೂ ಬಿಸಿಯಾಗಿ ನಿಂತಿತು. ಹೆಂಡತಿ ಒಂದು ವಾರ ಮಾತಾಡಲಿಲ್ಲ.

ಬೆಲ್ಲದ ಕಾಫಿ, ನಾಪೋಕ್ಲು
ಮಂಗಳವಾರ ಬೆಳಗ್ಗೆ 9.00

ಸಂಪಾಜೆ ಕೊಡಗಲ್ಲ ಅಂತ ನಾನು ಎಲ್ಲಿ ಹೇಳಿದೆ?

ಶನಿವಾರಸಂತೆ ಸೊಸೆ
ಮಂಗಳವಾರ ಮಧ್ಯಾಹ್ನ 2.20

ಗಟ್ಟಿಯಾಗಲು ಕಾರ್ನ್‌ಫ್ಲೋರ್ ಹಾಕಬಹುದಲ್ಲ? ಇಷ್ಟು ಚಾಕೊಲೇಟ್, ಕ್ರೀಮ್ ಎಲ್ಲ ದುಬಾರಿ. ನಾನು ಮನೆಯಲ್ಲಿ ಕೋಕೋ ಮತ್ತು ಎರಡು ಚಮಚ ಕಾರ್ನ್‌ಫ್ಲೋರ್ ಹಾಕಿ ಮಾಡುತ್ತೇನೆ. ಮಕ್ಕಳು ಚಪ್ಪರಿಸಿ ಕುಡಿಯುತ್ತಾರೆ.

ಗೋಣಿಕೊಪ್ಪದ ಓವನ್
ಮಂಗಳವಾರ ಮಧ್ಯಾಹ್ನ 3.05

ಹಾಕಬಹುದು. ಇಟಲಿಯವರೂ ಹಾಗೆ ಮಾಡುತ್ತಾರೆ, ಚಮಚ ನಿಲ್ಲುವಷ್ಟು ಗಟ್ಟಿ. ಆದರೆ ಹಿಟ್ಟನ್ನು ಒಲೆಯ ಮೇಲೆ ಕೋಕೋ ಪೇಸ್ಟಿನ ಜೊತೆಗೇ ಕುದಿಸಿ ಬೇಯಿಸಬೇಕು. ‘ವಾರ್ಮ್’ನ ಬಿಸಿಗೆ ಅದು ಸರಿಯಾಗಿ ಬೇಯುವುದಿಲ್ಲ, ಹಸಿ ಹಿಟ್ಟಿನ ರುಚಿ ಉಳಿಯುತ್ತದೆ. ಎರಡು ಗಂಟೆ ಇಡುವುದಾದರೆ ಒಂದೇ ಚಮಚ ಸಾಕು, ಇಟ್ಟಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ. ಹೋಂಸ್ಟೇಗೆ ದುಡ್ಡು ಕೊಟ್ಟು ಬಂದವರಿಗೆ ಮಾತ್ರ ನಾನು ಹಿಟ್ಟು ಹಾಕಿ ಕೊಡುವುದಿಲ್ಲ. ಅದು ನನ್ನ ಹಠ, ಬಿಡಿ.

ಕೋಕೋ ಕೊಳ್ಳುವಾಗಲೂ ಕವರ್ ನೋಡಿ. 500 ಅಥವಾ 501 ಅಂತ ನಂಬರ್ ಇದ್ದರೆ ಅದಕ್ಕೆ ಕ್ಷಾರ ಹಾಕಿ ಹುಳಿ ತೆಗೆದಿದ್ದಾರೆ ಅಂತ. ಬಣ್ಣ ಕಡು, ರುಚಿ ಮೆದು, ಹಾಲಿಗೆ ಚೆನ್ನಾಗಿ ಹೊಂದುತ್ತದೆ. ಡಚ್ ಕೋಕೋ ಅಂತಾರೆ. ವ್ಯಾನ್ ಹೌಟೆನ್ ಅನ್ನುವ ಡಚ್ಚರ ಮನೆತನದಿಂದ ಬಂದ ಹೆಸರು. 1828ರಲ್ಲಿ ಬೀಜದಿಂದ ಬೆಣ್ಣೆ ಹಿಂಡಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದವರೂ ಅವರೇ. ಡ್ರಿಂಕಿಂಗ್ ಚಾಕೊಲೇಟ್ ಅಂತ ಬರುವ ಡಬ್ಬ ಬೇರೆ, ಅದರಲ್ಲಿ ಸಕ್ಕರೆ ಮೊದಲೇ ಇರುತ್ತದೆ. ಅದನ್ನು ತಂದು ಮತ್ತೆ 150 ಗ್ರಾಂ ಸಕ್ಕರೆ ಸುರಿಯಬೇಡಿ.

ಬೆಂಗಳೂರಿನ ಕೊಡಗಿನವನು
ಮಂಗಳವಾರ ರಾತ್ರಿ 11.30

ಸುಮ್ನೆ ಒಂದು ಎಚ್ಚರಿಕೆ. ಅಮೆರಿಕದಿಂದ ಬರುವಾಗ ಅಕ್ಕರೆಯಿಂದ ಸ್ಲೋ ಕುಕ್ಕರ್ ಹೊತ್ತು ತಂದೆ. ವಿರಾಜಪೇಟೆಯಲ್ಲಿ ಅಮ್ಮನ ಎದುರು ಪ್ಲಗ್ ಹಾಕಿದೆ. ಪಿನ್ನಿಗೆ ಅಡಾಪ್ಟರ್ ಹಾಕಿದ್ದೆ, ಅಷ್ಟೇ ಸಾಕು ಅಂದುಕೊಂಡಿದ್ದೆ. ಅಲ್ಲಿಯದು 120 ವೋಲ್ಟ್. ಐದು ನಿಮಿಷಕ್ಕೆ ಹೊಗೆ. ‘ಇದು ಬೇಗ ಆಗುವ ಕುಕ್ಕರಾ?’ ಅಂತ ಅಮ್ಮ ಕೇಳಿದ್ದು ಇನ್ನೂ ನೆನಪಿದೆ.

ಕುಶಾಲನಗರ ವಯರ್‌ಮನ್
ಬುಧವಾರ ಬೆಳಗ್ಗೆ 6.50

ಮೂರೂವರೆ ಪಟ್ಟು ಪವರ್ ಹೋಗಿರುತ್ತದೆ ತಮ್ಮಾ. ಹೊಗೆ ಬಂದದ್ದಷ್ಟೇ, ಪುಣ್ಯ. ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕಿತ್ತು.

ಸಂಪಾಜೆ ಘಾಟಿ
ಬುಧವಾರ ಸಂಜೆ 6.00

ನೊರೆ ಬೇಕಾದರೆ ಮಜ್ಜಿಗೆ ಕಡೆಯುವ ಕಡೆಗೋಲು ತೆಗೆದುಕೊಳ್ಳಿ. ಎರಡು ಅಂಗೈ ನಡುವೆ ಇಟ್ಟು ತಿರುಗಿಸಿದರೆ ಹತ್ತು ಸುತ್ತಿಗೆ ಮೇಲೆ ನೊರೆ ಬರುತ್ತದೆ. ಮೆಕ್ಸಿಕೋದವರು ಚಾಕೊಲೇಟಿಗೆ ಇಟ್ಟುಕೊಂಡಿರುವ ಮರದ ಕೋಲು ನೋಡಿದರೆ ನಮ್ಮದರ ತಮ್ಮನ ಹಾಗೇ ಉಂಟು. ಅದಕ್ಕೂ ಮೊದಲು ಅಲ್ಲಿಯವರು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದು ನೊರೆ ಬರಿಸುತ್ತಿದ್ದರಂತೆ. ನಾವು ಕಾಫಿ ಎತ್ತಿ ಹುಯ್ಯುವ ಹಾಗೆ.

ಏಲಕ್ಕಿ ಎರಡು ಜಜ್ಜಿ ಹಾಲು ಕಾಯಿಸುವಾಗಲೇ ಹಾಕಿ. ಕಿತ್ತಳೆ ಸಿಪ್ಪೆಯ ಹೊರಗಿನ ಬಣ್ಣದ ಭಾಗ ತುರಿದು ಹಾಕಿದರೂ ಲಾಯ್ಕ. ರಸ ಮಾತ್ರ ಬೇಡ, ಹಾಲು ಒಡೆಯುತ್ತದೆ.

ಗೋಣಿಕೊಪ್ಪದ ಓವನ್
ಬುಧವಾರ ಸಂಜೆ 7.30

ಕಡೆಗೋಲು! ನನಗೆ ಹೊಳೆದೇ ಇರಲಿಲ್ಲ. ನಾನು ಕರೆಂಟಿನ ಬೀಟರ್ ಹಾಕಿ ಗೋಡೆಗೆಲ್ಲ ಎರಚಿದ್ದೇನೆ.

ಮಳೆಗಾಲದ ಮನೆ, ಮಕ್ಕಂದೂರು
ಭಾನುವಾರ ಮಧ್ಯಾಹ್ನ 12.15

ವರದಿ ಒಪ್ಪಿಸುತ್ತೇನೆ. ನಿನ್ನೆ 11 ಜನ. ಗೋಣಿಕೊಪ್ಪದ ತಂಗಿ ಹೇಳಿದ ಹಾಗೆ ಅಕ್ಷರಕ್ಕೆ ಅಕ್ಷರ ಮಾಡಿದೆ. ಚಾಕೊಲೇಟ್ ಪೇಸ್ಟಿಗೆ ಮೊದಲ ಸೌಟು ಹಾಲು ಬಿದ್ದಾಗ ಮುದ್ದೆಯಾಯ್ತು. ಮತ್ತೆ ಹೋಯ್ತಲ್ಲ ಅಂತ ಎದೆ ಧಸಕ್ಕೆಂದಿತು. ಎರಡನೇ ಸೌಟಿಗೆ ಸಡಿಲವಾಯ್ತು. ನಾಲ್ಕನೆಯದಕ್ಕೆ ರೇಷ್ಮೆ ಸೀರೆಯ ಸೆರಗಿನ ಹಾಗೆ ಸೌಟಿನಿಂದ ಜಾರತೊಡಗಿತು.

ನಾಲ್ಕೂವರೆಗೆ ‘ವಾರ್ಮ್’ಗೆ ಬಂತು. ನಾಲ್ಕು ಐವತ್ತಕ್ಕೆ ಕರೆಂಟ್ ಹೋಯ್ತು. ಮೇಲಿನ ತಿರುವಿನಲ್ಲಿ ಸಿಲ್ವರ್ ಮರ ಲೈನಿನ ಮೇಲೆ ಬಿದ್ದಿದೆ, ರಾತ್ರಿವರೆಗೂ ಬರುವುದಿಲ್ಲ ಅಂತ ಪಕ್ಕದ ತೋಟದವರು ಹೇಳಿದರು. ಇನ್ವರ್ಟರಿಗೆ ಹಾಕೋಣ ಅಂದರೆ ನಮ್ಮವರು ಲೈಟಿಗೆ ಸಾಕಾಗುವುದಿಲ್ಲ ಅಂತ ಬಿಡಲಿಲ್ಲ.

ಅತ್ತೆ ಏನೂ ಮಾತಾಡದೆ ಒಳಗಿನ ಪಾತ್ರೆಯನ್ನು ಮುಚ್ಚಳದ ಸಮೇತ ಎತ್ತಿ, ಹಳೇ ಕಂಬಳಿ ಸುತ್ತಿ, ಬಚ್ಚಲು ಒಲೆಯ ಪಕ್ಕದ ಜಗಲಿಯ ಮೇಲೆ ಇಟ್ಟರು. ಮುಚ್ಚಳದ ಮೇಲೆ ಒಂದು ದಿಂಬು. ಆರು ಗಂಟೆಗೆ ತೆಗೆದಾಗ ಥರ್ಮಾಮೀಟರ್ ಹಾಕಿ ನೋಡಿದೆ, 66 ಡಿಗ್ರಿ. ಕ್ರೀಮ್ ಹಾಕಿ ಕಡೆಗೋಲಿನಲ್ಲಿ ಕಡೆದೆ. ಹದಿನಾರು ಲೋಟದಲ್ಲಿ ಒಂದು ಚೂರೂ ಉಳಿಯಲಿಲ್ಲ. ಒಬ್ಬಳು ಪುಟ್ಟ ಹುಡುಗಿ ಲೋಟದೊಳಗೆ ಬೆರಳು ಹಾಕಿ ಸುತ್ತ ಸವರಿ ನೆಕ್ಕಿದಳು. ಅಷ್ಟು ನೋಡಿದ್ದೇ ಸಾಕು ನನಗೆ.

ಶನಿವಾರಸಂತೆ ಸೊಸೆ
ಭಾನುವಾರ ಮಧ್ಯಾಹ್ನ 1.00

ನಿಮ್ಮ ಅತ್ತೆಗೆ ನಮಸ್ಕಾರ ಹೇಳಿ. 60 ಡಿಗ್ರಿಗಿಂತ ಕೆಳಗೆ ಇಳಿದು ಎರಡು ಗಂಟೆ ಆಗಿದ್ದರೆ ಚೆಲ್ಲಬೇಕಿತ್ತು. ಹಾಲಿನ ವಿಷಯದಲ್ಲಿ ಜಿಪುಣತನ ಬೇಡ.

ಬೆಲ್ಲದ ಕಾಫಿ, ನಾಪೋಕ್ಲು
ಭಾನುವಾರ ಸಂಜೆ 4.40

ಒಂದು ಪ್ರಶ್ನೆ. ಬರುವ ತಿಂಗಳು ಮನೆಯಲ್ಲಿ ನಾಮಕರಣ ಇದೆ, ಮಳೆಯಲ್ಲೇ. ಈ ಪಾತ್ರೆಯಲ್ಲಿ ಬೆಲ್ಲದ ಕಾಫಿ ಮೂರು ಗಂಟೆ ಬಿಸಿ ಇಟ್ಟರೆ ಹೇಗಿರುತ್ತದೆ?

ಗೋಣಿಕೊಪ್ಪದ ಓವನ್
ಭಾನುವಾರ ಸಂಜೆ 5.10

ಬೇಡ ಅಣ್ಣ. ಕಾಫಿಯನ್ನು ಬಿಸಿಯ ಮೇಲೆ ಹಾಗೇ ಇಟ್ಟರೆ ಅರ್ಧ ಗಂಟೆಗೇ ಘಮ ಹೋಗಿ ಕಹಿಯಾಗುತ್ತದೆ. ಹಾಟ್ ಚಾಕೊಲೇಟ್ ತಡೆದುಕೊಳ್ಳುತ್ತದೆ, ಕಾಫಿ ತಡೆದುಕೊಳ್ಳುವುದಿಲ್ಲ. ದೊಡ್ಡ ಫ್ಲಾಸ್ಕಿಗೆ ತುಂಬಿಡಿ. ಸ್ಲೋ ಕುಕ್ಕರನ್ನು ಮಕ್ಕಳಿಗೆ ಬಿಡಿ. ಚಾಕೊಲೇಟಿಗೆ ಅರ್ಧ ಲೋಟ ನಿಮ್ಮ ಗಟ್ಟಿ ಡಿಕಾಕ್ಷನ್ ಹಾಕಿದರೆ ಚಾಕೊಲೇಟಿನ ರುಚಿಯೇ ಎದ್ದು ಬರುತ್ತದೆ. ಅದನ್ನು ದೊಡ್ಡವರ ಪಾತ್ರೆಗೆ ಮಾತ್ರ.

ಬೆಲ್ಲದ ಕಾಫಿ, ನಾಪೋಕ್ಲು
ಭಾನುವಾರ ಸಂಜೆ 5.25

ಡಿಕಾಕ್ಷನ್ ಹಾಕುವುದಾದರೆ ಒಂದು ಸಲ ನೋಡಬಹುದು.

ಮಳೆಗಾಲದ ಮನೆ, ಮಕ್ಕಂದೂರು
ಸೋಮವಾರ ರಾತ್ರಿ 8.50

ಈ ಮುಚ್ಚಳದ ರಬ್ಬರ್ ಪಟ್ಟಿ ಬೇರೆ ಸಿಗುತ್ತದಾ? ಇವತ್ತು ಪಂದಿ ಕರಿ ಮಾಡಿದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದರು. ಚಾಕೊಲೇಟಿನ ವಾಸನೆಯಂತೆ.

ಕುಶಾಲನಗರ ವಯರ್‌ಮನ್
ಸೋಮವಾರ ರಾತ್ರಿ 9.05

ಮಾಡೆಲ್ ನಂಬರ್ ತಳದಲ್ಲಿ ಇರುತ್ತದೆ, ಫೋಟೋ ಹಾಕಿ ಅಕ್ಕ. ಎರಡು ತರಿಸೋಣ. ಒಂದಕ್ಕೆ ಪೆನ್ನಿನಲ್ಲಿ ‘ಹಂದಿ’ ಅಂತ ಬರೆದಿಡಿ.